ಡಿಜೆ ಸ್ಟೆಂಟ್ ಹಾಕಿದ್ದಾರೆ, ಮುಂದೇನು? ಹರಳಿನ ಆಪರೇಷನ್, ಸೋಂಕು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಒಂದು ಆಸ್ಪತ್ರೆಯ ಯೂರಾಲಜಿ (ಕಿಡ್ನಿ, ಮೂತ್ರದ ತೊಂದರೆಗಳ) ವಿಭಾಗದಲ್ಲಿ ನಾನು ಸ್ಟಾಫ್ ನರ್ಸ್. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ನಮ್ಮ ಕೆಲಸ ಶುರು. ಅವರ ಮುಂದೆ ಎಲ್ಲದಕ್ಕೂ ತಲೆಯಾಡಿಸಿದವರೇ ಆಮೇಲೆ ಬಂದು "ಸಿಸ್ಟರ್, ಅವ್ರು ಏನಂದ್ರ್ರೀ?" ಅಂತ ಕೇಳುತ್ತಾರೆ. ಗೋಕಾಕ, ಅಥಣಿ, ಜಮಖಂಡಿ, ಇಂಡಿ, ಎಲ್ಲಿಂದ ಬಂದರೂ ಕಿಡ್ನಿ ಹರಳು, ಅದಕ್ಕೆ ಹಾಕುವ ಸ್ಟೆಂಟ್ ಬಗ್ಗೆ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಬರೆದಿಟ್ಟಿದ್ದೇನೆ. ನಿಮ್ಮ ಡಾಕ್ಟರು ನಿಮ್ಮನ್ನು ನೋಡಿ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ಸ್ಟೆಂಟ್ ಅಂದ್ರೆ ಹಾರ್ಟಿಗೆ ಹಾಕ್ತಾರಲ್ಲ, ಅದೇನಾ?

ಅಲ್ಲ. ಹೆಸರು ಒಂದೇ, ವಸ್ತು ಬೇರೆ. ಹೃದಯಕ್ಕೆ ಹಾಕುವುದು ಲೋಹದ ಸಣ್ಣ ಜಾಳಿಗೆ. ಅದು ಒಳಗೇ ಉಳಿಯುತ್ತದೆ. ಇದು ಮೂತ್ರನಾಳಕ್ಕೆ ಹಾಕುವ ಮೆತ್ತಗಿನ ಪ್ಲಾಸ್ಟಿಕ್ ನಳಿಕೆ, ಇದನ್ನು ತೆಗೆಯಲೇಬೇಕು. ಈ ಒಂದು ವ್ಯತ್ಯಾಸ ಗೊತ್ತಾಗದೆ ನಮ್ಮ ಮನೆಯವರೇ ಪಾಡುಪಟ್ಟಿದ್ದಾರೆ. ಆ ಕತೆ ಕೆಳಗೆ ಬರುತ್ತದೆ.

ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ದೊಡ್ಡವರಲ್ಲಿ ಸುಮಾರು 25 ಸೆಂ.ಮೀ. ಉದ್ದ. ಸ್ಟೆಂಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ, ದಪ್ಪ ಸುಮಾರು 2 ಮಿ.ಮೀ. ಬಾಲ್‌ಪೆನ್ ರೀಫಿಲ್‌ಗಿಂತ ಸಪೂರ. ಮೈತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಎರಡೂ ತುದಿ ಹಂದಿಬಾಲದ ಹಾಗೆ ಸುತ್ತಿಕೊಂಡಿರುತ್ತವೆ. ಒಂದು ಸುತ್ತು ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಮೊದಲು ಬರುತ್ತಿದ್ದ ನೇರ ನಳಿಕೆಗಳು ಜಾರಿಬಿಡುತ್ತಿದ್ದವು. 1978ರಲ್ಲಿ ಅಮೆರಿಕದ ರಾಯ್ ಫಿನ್ನಿ ಎನ್ನುವ ವೈದ್ಯರು ಎರಡೂ ತುದಿಯನ್ನು ಇಂಗ್ಲಿಷಿನ 'ಜೆ' ಅಕ್ಷರದಂತೆ ಬಾಗಿಸಿದ ಸ್ಟೆಂಟ್ ಬಗ್ಗೆ ಬರೆದರು. ಅಲ್ಲಿಂದ ಇದು ಡಬಲ್ ಜೆ, ನಮ್ಮ ಬಾಯಲ್ಲಿ ಡಿಜೆ. ಗಣಪತಿ ಮೆರವಣಿಗೆಯ ಡಿಜೆಗೂ ಇದಕ್ಕೂ ಸಂಬಂಧವಿಲ್ಲ. ವಾರ್ಡಿನಲ್ಲಿ ಈ ಜೋಕು ವಾರಕ್ಕೊಮ್ಮೆಯಾದರೂ ಆಗುತ್ತದೆ.

ಹರಳು ತೆಗೆದಾಯ್ತಲ್ಲ, ಮತ್ತೆ ನಳಿಕೆ ಯಾಕೆ?

ದುರ್ಬೀನು (ಒಳಗೆ ನೋಡುವ ಸಪೂರ ಉಪಕರಣ) ಒಳಗೆ ಹೋಗಿ ಬಂದಿದೆ, ಲೇಸರ್ ಹೊಡೆದಿದ್ದಾರೆ. ನಾಳದ ಒಳಗೋಡೆ ಬಾತಿರುತ್ತದೆ. ಪುಡಿಯಾದ ಹರಳಿನ ಚೂರು, ಸ್ವಲ್ಪ ರಕ್ತ ಇಳಿಯಬೇಕಿರುತ್ತದೆ. ಅಂಥ ಹೊತ್ತಿನಲ್ಲಿ ದಾರಿ ಕಟ್ಟಿದರೆ ಮೂತ್ರ ಕಿಡ್ನಿಯಲ್ಲೇ ನಿಂತು ನೋವು ಬರುತ್ತದೆ, ಸೋಂಕಿಗೂ ಜಾಗ ಸಿಗುತ್ತದೆ. ದಾರಿ ತೆರೆದಿಡುವುದಕ್ಕೆ ಸ್ಟೆಂಟ್.

ಎಲ್ಲರಿಗೂ ಬೇಕು ಅಂತಿಲ್ಲ. ಹರಳು ಸಣ್ಣದಿದ್ದು, ನಾಳಕ್ಕೆ ಪೆಟ್ಟಾಗದೆ, ಚೂರೂ ಉಳಿಯದೆ ಸಲೀಸಾಗಿ ಮುಗಿದರೆ ಕೆಲವರಿಗೆ ಹಾಕದೇ ಬಿಡುತ್ತಾರೆ. ಪಕ್ಕದ ಬೆಡ್ಡಿನವರಿಗೆ ಹಾಕಿಲ್ಲ, ನನಗೆ ಯಾಕೆ ಅಂತ ಬೇಜಾರು ಬೇಡ.

ಹರಳು ತೆಗೀಲೇ ಇಲ್ಲ. ಬರೀ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ರು. ದುಡ್ಡು ಮಾಡೋಕಾ?

ಈ ಪ್ರಶ್ನೆಯನ್ನು ನನ್ನ ಮುಖಕ್ಕೇ ಕೇಳಿದವರಿದ್ದಾರೆ. ಕೇಳಲಿ, ತಪ್ಪಿಲ್ಲ. ಉತ್ತರ ಸ್ವಲ್ಪ ಉದ್ದ.

ಹರಳು ನಾಳದಲ್ಲಿ ಸಿಕ್ಕಿಕೊಂಡಿದೆ, ಅದರ ಮೇಲೆ ನಿಂತ ಮೂತ್ರಕ್ಕೆ ಸೋಂಕು ತಗುಲಿದೆ ಅಂದುಕೊಳ್ಳಿ. ಕಾಲುವೆಗೆ ಕಸ ಸಿಕ್ಕು ನೀರು ಕೊಳೆತ ಹಾಗೆ. ಕಿಡ್ನಿಯ ಒಳಗೆ ಕೀವು, ಅದರ ಮೇಲೆ ಒತ್ತಡ. ಆ ಸ್ಥಿತಿಯಲ್ಲಿ ಹರಳು ಒಡೆಯಲು ಹೋದರೆ ದುರ್ಬೀನಿನ ಜೊತೆ ಸಲೈನ್ ನೀರನ್ನೂ ಒಳಗೆ ಬಿಡಬೇಕು. ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಆ ನೀರಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಕಿಡ್ನಿಯಿಂದ ಸೀದಾ ರಕ್ತಕ್ಕೆ ನುಗ್ಗುತ್ತವೆ. ರಕ್ತಕ್ಕೆ ಸೋಂಕು ಏರಿದರೆ ಬಿಪಿ ಇಳಿಯುತ್ತದೆ, ಒಂದೊಂದೇ ಅಂಗ ಕೈಕೊಡುತ್ತದೆ. ಇದನ್ನೇ ಸೆಪ್ಸಿಸ್ ಅನ್ನುವುದು. ಜೀವಕ್ಕೇ ಅಪಾಯ.

ಅದಕ್ಕೇ ಮೊದಲು ಕೀವು ಹೊರಗೆ ಹರಿಯಲು ದಾರಿ. ಒಂದೋ ಕೆಳಗಿನಿಂದ ಸ್ಟೆಂಟ್, ಇಲ್ಲವೇ ಬೆನ್ನಿನ ಕಡೆಯಿಂದ ಕಿಡ್ನಿಗೆ ನೇರ ಒಂದು ಟ್ಯೂಬ್. ಆಮೇಲೆ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಹುಡುಕುವ ಪರೀಕ್ಷೆ) ನೋಡಿ ಆಂಟಿಬಯಾಟಿಕ್. ಸೋಂಕು ಪೂರ್ತಿ ಇಳಿದ ಮೇಲೆ ಹರಳಿಗೆ ಕೈ. ಹರಳು ಒಂದೆರಡು ವಾರ ಕಾಯಬಲ್ಲದು, ಕೀವು ತುಂಬಿದ ಕಿಡ್ನಿ ಒಂದು ರಾತ್ರಿಯೂ ಕಾಯುವುದಿಲ್ಲ.

ಒಮ್ಮೆ ರಾತ್ರಿ 11ರ ಸುಮಾರಿಗೆ ಸವದತ್ತಿ ಕಡೆಯ ಒಬ್ಬ ತಾಯಿಯನ್ನು ಕರೆತಂದರು. ಎರಡು ಕಂಬಳಿ ಹೊದಿಸಿದ್ದರೂ ಮಂಚ ಕಟಕಟ ಅನ್ನುವಷ್ಟು ನಡುಕ. ಆಗಲೇ ಸ್ಟೆಂಟ್ ಹಾಕಿದರು. ಸಿರಿಂಜಿನಲ್ಲಿ ತೆಗೆದ ಮೂತ್ರ ಮಜ್ಜಿಗೆ ಥರ ಬೆಳ್ಳಗೆ ದಪ್ಪಗಿತ್ತು. ಬೆಳಿಗ್ಗೆ ನಾನು ಡ್ಯೂಟಿ ಮುಗಿಸುವ ಹೊತ್ತಿಗೆ ಆಕೆ ಎದ್ದು ಕೂತು ಚಹಾ ಕೇಳುತ್ತಿದ್ದಳು. ಹರಳು ಇನ್ನೂ ಒಳಗೇ ಇತ್ತು.

ಸರಿ, ಹಾಗೆ ಹಾಕಿದ ಮೇಲೆ ಹರಳಿನ ಆಪರೇಷನ್ನು ಸುಗ್ಗಿ ಮುಗಿದ ಮೇಲೆ ಮಾಡಿಸಬಹುದಾ?

ಬೇಡ. "ಕಬ್ಬು ಫ್ಯಾಕ್ಟ್ರಿಗೆ ಹೋಗ್ಲಿ, ಆಮ್ಯಾಲ ಬರ್ತೀವ್ರಿ" ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ನೋವು ಹೋಗಿದೆ, ಜ್ವರ ಇಲ್ಲ, ಅವಸರ ಏನು ಅನಿಸುತ್ತದೆ. ಆದರೆ ಸ್ಟೆಂಟ್ ಒಳಗಿದ್ದಷ್ಟು ದಿನ ಅದರ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡುತ್ತಲೇ ಇರುತ್ತವೆ. ಸ್ಟೆಂಟ್ ಹಾಕಿ ತಿಂಗಳು ದಾಟಿದ ಮೇಲೆ ಹರಳಿನ ಆಪರೇಷನ್ ಆದವರಲ್ಲಿ ಸೆಪ್ಸಿಸ್ ಅಪಾಯ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಡಾಕ್ಟರು ಕೊಟ್ಟ ದಿನಕ್ಕೇ ಬನ್ನಿ. ಕಬ್ಬು ಕಡಿಸಲು ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆ ಅಲ್ವಾ.

ಆಸ್ಪತ್ರೆಯಲ್ಲಿ ಎಲ್ಲಾ ಸ್ವಚ್ಛ ಇರುತ್ತಲ್ಲ, ಸೋಂಕು ಎಲ್ಲಿಂದ ಬರುತ್ತೆ?

ಹೆಚ್ಚಿನ ಸಲ ನಮ್ಮ ಮೈಯಿಂದಲೇ. ಮೂತ್ರದ ಸೋಂಕಿಗೆ ದೊಡ್ಡ ಕಾರಣ ಇ. ಕೋಲಿ. ಅದರ ವಾಸ ನಮ್ಮ ಕರುಳು. ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಎಂಟೆರೋಕಾಕಸ್ ಎಂಬ ಹೆಸರುಗಳನ್ನೂ ರಿಪೋರ್ಟಿನಲ್ಲಿ ನೋಡುತ್ತೀರಿ.

ನೀರಿನ ಟ್ಯಾಂಕ್ ತೊಳೆಯುವಾಗ ಒಳಗೋಡೆಗೆ ಕೈಯಾಡಿಸಿ ನೋಡಿದ್ದೀರಾ? ಜಾರುವ ಲೋಳೆ ಇರುತ್ತದೆ. ಮೇಲಿನಿಂದ ಎಷ್ಟು ನೀರು ಬಿಟ್ಟರೂ ಅದು ಹೋಗುವುದಿಲ್ಲ, ತಿಕ್ಕಲೇಬೇಕು. ಸ್ಟೆಂಟ್ ಮೇಲೂ ಅಂಥದ್ದೇ ಒಂದು ಪದರ ಕಟ್ಟುತ್ತದೆ. ಬಯೋಫಿಲ್ಮ್ ಅನ್ನುತ್ತಾರೆ. ಅದರೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾಕ್ಕೆ ಆಂಟಿಬಯಾಟಿಕ್ ಸರಿಯಾಗಿ ತಟ್ಟುವುದಿಲ್ಲ. ಒಳಗಿರುವ ಸ್ಟೆಂಟನ್ನು ತಿಕ್ಕುವುದಂತೂ ಆಗದ ಮಾತು. ಬದಲಿಸಬೇಕು, ಇಲ್ಲ ತೆಗೆಯಬೇಕು.

ಇನ್ನೊಂದು ಮೂಲ ಹರಳೇ. ಕೆಲವು ಹರಳುಗಳ ಹೊಟ್ಟೆಯಲ್ಲೇ ಬ್ಯಾಕ್ಟೀರಿಯಾ ಅಡಗಿರುತ್ತವೆ. ಮೂತ್ರದ ಕಲ್ಚರ್ ಶುದ್ಧ ಬಂದಿರುತ್ತದೆ, ಹರಳು ಒಡೆದ ಸಂಜೆ ಜ್ವರ. "ರಿಪೋರ್ಟ್ ಚಲೋ ಇತ್ತಲ್ರೀ!" ಅಂತ ಮನೆಯವರು ಕೂಗಾಡುತ್ತಾರೆ. ರಿಪೋರ್ಟ್ ಸುಳ್ಳಲ್ಲ, ಅದು ನೋಡಿದ್ದು ಮೂತ್ರವನ್ನು ಮಾತ್ರ.

ಯಾರಿಗೆ ಸೋಂಕಿನ ಭಯ ಜಾಸ್ತಿ?

ಸಕ್ಕರೆ ಕಾಯಿಲೆಯವರಿಗೆ, ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ, ಮೊದಲೇ ಉರಿಮೂತ್ರದ ಸೋಂಕು ಬಂದುಹೋದವರಿಗೆ. ಹರಳು ದೊಡ್ಡದಿದ್ದು ಆಪರೇಷನ್ ಬಹಳ ಹೊತ್ತು ಹಿಡಿದರೂ ಅಪಾಯ ಏರುತ್ತದೆ. ಹಾಗಾಗಿ ದೊಡ್ಡ ಹರಳಿಗೆ "ಇವತ್ತು ಅರ್ಧ, ಇನ್ನರ್ಧ ಮುಂದಿನ ಸಲ" ಅಂತ ಡಾಕ್ಟರು ನಿಲ್ಲಿಸಿದರೆ ಅದು ಕೆಲಸ ಬರದೇ ನಿಲ್ಲಿಸಿದ್ದಲ್ಲ. ಶುಗರ್ ಇದ್ದರೆ ಅಡ್ಮಿಟ್ ಆಗುವಾಗಲೇ ಹೇಳಿ. ಮುಚ್ಚಿಟ್ಟರೂ ರಕ್ತ ಪರೀಕ್ಷೆಯಲ್ಲಿ ಸಿಕ್ಕೇ ಸಿಗುತ್ತದೆ.

ಎಷ್ಟು ಸಲ ಯೂರಿನ್ ಕಲ್ಚರ್ ಮಾಡಿಸೋದು?

ಹರಳಿನ ಆಪರೇಷನ್ನಿಗೆ ಮುಂಚೆ ಮಾಡಿಸಲೇಬೇಕು. ಸ್ಟೆಂಟ್ ಮೊದಲೇ ಇದ್ದರೆ ಹಳೆಯ ರಿಪೋರ್ಟ್ ನಡೆಯುವುದಿಲ್ಲ, ಹೊಸದು ಬೇಕು. ಯೂರಿನ್ ರೂಟಿನ್ (ಮಾಮೂಲು ಮೂತ್ರ ಪರೀಕ್ಷೆ) ಬೇರೆ, ಕಲ್ಚರ್ ಬೇರೆ. ರೂಟಿನ್ ಒಂದೆರಡು ಗಂಟೆಯಲ್ಲಿ ಸಿಗುತ್ತದೆ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕು, ಯಾವ ಔಷಧಿಗೆ ಸಾಯುತ್ತವೆ ಅಂತಲೂ ನೋಡಬೇಕು. 2-3 ದಿನ ಹಿಡಿಯುತ್ತದೆ. ಬ್ಯಾಕ್ಟೀರಿಯಾ ಸಿಕ್ಕರೆ ಅದಕ್ಕೆ ತಕ್ಕ ಔಷಧಿ ಕೊಟ್ಟು ಆಮೇಲೆಯೇ ಆಪರೇಷನ್. ಡೇಟ್ ಮುಂದೆ ಹೋಯಿತು ಅಂತ ಸಿಟ್ಟಾಗಬೇಡಿ.

ಸ್ಯಾಂಪಲ್ ಕೊಡುವ ರೀತಿ ಹೇಳಿಬಿಡುತ್ತೇನೆ, ಅರ್ಧ ಗೊಂದಲ ಅಲ್ಲೇ ಆಗುವುದು. ಕೈ ತೊಳೆಯಿರಿ. ಜಾಗವನ್ನು ಬರೀ ನೀರಿನಿಂದ ಸ್ವಚ್ಛ ಮಾಡಿ. ಮೊದಲು ಬರುವ ಮೂತ್ರ ಬಿಟ್ಟುಬಿಡಿ, ನಡುವಿನದ್ದನ್ನು ಡಬ್ಬಿಗೆ ಹಿಡಿಯಿರಿ, ಕೊನೆಯದ್ದನ್ನೂ ಬಿಡಿ. ಡಬ್ಬಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ಲ್ಯಾಬ್ ಕೊಟ್ಟ ಡಬ್ಬಿಯೇ ಆಗಬೇಕು. ಬಾದಾಮಿ ಊರಿಂದ ಬಂದ ಒಬ್ಬರು ಉಪ್ಪಿನಕಾಯಿ ಬಾಟಲಿ ತೊಳೆದು ಅದರಲ್ಲಿ ತಂದಿದ್ದರು. ಮೂರ್ನಾಲ್ಕು ತಾಸು ಬಸ್ಸಿನಲ್ಲಿ, ಏಪ್ರಿಲ್ ಬಿಸಿಲಲ್ಲಿ. ಅಷ್ಟರಲ್ಲಿ ಬ್ಯಾಕ್ಟೀರಿಯಾಗಳ ಜಾತ್ರೆಯೇ ನೆರೆದಿರುತ್ತದೆ, ರಿಪೋರ್ಟ್ ಯಾವ ಕೆಲಸಕ್ಕೂ ಬರುವುದಿಲ್ಲ. ಮೂತ್ರ ಹಿಡಿದು 2 ಗಂಟೆಯೊಳಗೆ ಲ್ಯಾಬಿಗೆ ಸೇರಬೇಕು. ಆಸ್ಪತ್ರೆಗೆ ಬಂದೇ ಕೊಡಿ. ಕಲ್ಚರ್‌ಗೆ ಮುಂಚೆ ಮೆಡಿಕಲ್ ಶಾಪಿನಿಂದ ಸುಮ್ನೆ ಎರಡು ಆಂಟಿಬಯಾಟಿಕ್ ನುಂಗಿ ಬರಬೇಡಿ, ನುಂಗಿದ್ದರೆ ಹೇಳಿ.

ರಿಪೋರ್ಟಲ್ಲಿ ಪಸ್ ಸೆಲ್ಸ್ (ಕೀವಿನ ಕಣ) ತುಂಬಾ ಇದೆ. ಇದು ಸೋಂಕೇ ತಾನೇ?

ಬರೀ ಅದರಿಂದ ಹೇಳಲಾಗದು. ಸ್ಟೆಂಟ್ ಒಳಗೆ ಉಜ್ಜುತ್ತಲೇ ಇರುತ್ತದೆ, ಹಾಗಾಗಿ ಪಸ್ ಸೆಲ್, ರಕ್ತಕಣ ಬರುವುದು ಮಾಮೂಲು. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕರೂ ನಿಮಗೆ ಜ್ವರ, ತೊಂದರೆ ಏನೂ ಇಲ್ಲ, ಆಪರೇಷನ್ನೂ ಹತ್ತಿರದಲ್ಲಿಲ್ಲ ಎಂದರೆ ಹೆಚ್ಚಿನ ಸಲ ಔಷಧಿ ಕೊಡುವುದಿಲ್ಲ. ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸಿ "ಗುಳಿಗಿ ಹೆಸರು ಹೇಳ್ರಿ" ಅನ್ನುವವರಿಗೆ ನಾನು ಮೊದಲು ಕೇಳುವುದು "ಜ್ವರ ಐತೇನ್ರಿ?" ಅಂತಲೇ.

ಸ್ಟೆಂಟ್ ಇರೋವರೆಗೂ ಆಂಟಿಬಯಾಟಿಕ್ ತಗೊಂಡ್ರೆ ಸೇಫ್ ಅಲ್ವಾ?

ಅಲ್ಲ. ಆಪರೇಷನ್ ಶುರುವಾಗುವ ಮುಂಚೆ ಒಂದು ಡೋಸ್ ಇಂಜೆಕ್ಷನ್ ಕೊಡುತ್ತಾರೆ, ಅದು ಬೇಕು. ಆಮೇಲೆ ಸೋಂಕಿಲ್ಲದೆ ವಾರಗಟ್ಟಲೆ ನುಂಗಿದರೆ ಸಾಯಬಲ್ಲ ಬ್ಯಾಕ್ಟೀರಿಯಾ ಸತ್ತು ಗಟ್ಟಿ ಪಿಂಡಗಳು ಉಳಿಯುತ್ತವೆ. ನಾಳೆ ನಿಜವಾಗಿ ಸೋಂಕು ಬಂದಾಗ ಮಾತ್ರೆ ಕೆಲಸ ಮಾಡುವುದಿಲ್ಲ, ಅಡ್ಮಿಟ್ ಆಗಿ ದುಬಾರಿ ಇಂಜೆಕ್ಷನ್ನೇ ಗತಿ. ಕಲ್ಚರ್ ರಿಪೋರ್ಟಿನಲ್ಲಿ ಸಾಲಾಗಿ 'ಆರ್', 'ಆರ್', 'ಆರ್' ಅಂತ ಬರೆದಿರುತ್ತದಲ್ಲ, ಅದರ ಅರ್ಥ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತಿಲ್ಲ ಅಂತ.

ಉಚ್ಚೆ ಹೊಯ್ಯುವಾಗ ಬೆನ್ನಲ್ಲಿ ಚುಚ್ಚುತ್ತೆ, ಉರಿಯುತ್ತೆ, ರಕ್ತ ಬರುತ್ತೆ. ಇದು ಸೋಂಕಾ?

ಇಷ್ಟೇ ಇದ್ದರೆ ಹೆಚ್ಚಾಗಿ ಅಲ್ಲ, ಸ್ಟೆಂಟಿನ ಕಾಟ. ಮೂತ್ರಕೋಶ ಹಿಂಡಿದಾಗ ಸ್ವಲ್ಪ ಮೂತ್ರ ನಳಿಕೆಯೊಳಗೆ ಹಿಂದಕ್ಕೆ ಏರುತ್ತದೆ, ಅದಕ್ಕೇ ಬೆನ್ನಲ್ಲಿ ಚುಚ್ಚುವುದು. ಕೆಳಗಿನ ಸುತ್ತು ಮೂತ್ರಕೋಶಕ್ಕೆ ತಾಗಿ ಮತ್ತೆ ಮತ್ತೆ ಹೋಗಬೇಕು ಅನಿಸುತ್ತದೆ. ಟ್ರ್ಯಾಕ್ಟರ್ ಹೊಡೆದ ದಿನ, ಬೈಕಿನಲ್ಲಿ ದೂರ ಹೋದ ದಿನ ಮೂತ್ರ ಗುಲಾಬಿ ಶರಬತ್ತಿನ ಬಣ್ಣಕ್ಕೆ ತಿರುಗಬಹುದು. ಕೂತು ನೀರು ಕುಡಿದರೆ ತಿಳಿಯಾಗುತ್ತದೆ. ಟಾಮ್ಸುಲೋಸಿನ್ ಥರದ ಮಾತ್ರೆಗಳಿಂದ ಎಷ್ಟೋ ಜನರಿಗೆ ಆರಾಮ ಸಿಗುತ್ತದೆ, ಡಾಕ್ಟರನ್ನು ಕೇಳಿ. ಹಲ್ಲು ಕಚ್ಚಿ ಸಹಿಸಿದರೆ ಯಾರೂ ಬಹುಮಾನ ಕೊಡುವುದಿಲ್ಲ.

ಆದರೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮಾತು ಬೇರೆ. ಹಲ್ಲು ಕಟಕಟ ಅನ್ನುವ ಚಳಿ, ಒಂದು ಕಡೆ ಸೊಂಟದ ಮೇಲೆ ತಡೆಯಲಾರದ ನೋವು, ನಿಲ್ಲದ ವಾಂತಿ, ಗಡ್ಡೆ ಗಡ್ಡೆ ರಕ್ತ, ಮೂತ್ರ ನಿಂತೇಹೋಗುವುದು, ಇದರಲ್ಲಿ ಯಾವುದೇ ಇದ್ದರೂ ಆಗಲೇ ಹೊರಡಿ. ವಯಸ್ಸಾದವರಲ್ಲಿ ಜ್ವರ ಅಷ್ಟಾಗಿ ಕಾಣದೆ ಮಾತು ತೊದಲುವುದು, ಮಂಪರು, ಮೈ ತಣ್ಣಗಾಗುವುದು ಮಾತ್ರ ಕಾಣಬಹುದು. ಡೋಲೋ ನುಂಗಿಸಿ ಬೆಳಗಿನವರೆಗೆ ನೋಡೋಣ ಅನ್ನಬೇಡಿ. 108ಕ್ಕೆ ಫೋನ್ ಮಾಡಿ, ಸ್ಟೆಂಟ್ ಹಾಕಿದ ಊರಿಗೇ ಹೋಗಬೇಕು ಅಂತ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ. "ಒಳಗ ಸ್ಟೆಂಟ್ ಐತ್ರಿ" ಅನ್ನುವುದು ನೀವು ಹೇಳಬೇಕಾದ ಮೊದಲ ಮಾತು.

ಎಷ್ಟು ದಿನ ಇಡಬಹುದು? ತೆಗೆಸೋದು ಮರೆತರೆ?

ಹರಳು ತೆಗೆದ ಮೇಲೆ ಹಾಕಿದ್ದಾದರೆ ಹೆಚ್ಚಾಗಿ ಕೆಲವು ದಿನದಿಂದ ಎರಡು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಬೇರೆ ಕಾರಣಕ್ಕೆ ಬಹಳ ದಿನ ಬೇಕಿದ್ದರೂ ಸಾಮಾನ್ಯ ಸ್ಟೆಂಟನ್ನು ಮೂರು ತಿಂಗಳ ಆಸುಪಾಸಿನಲ್ಲಿ ಬದಲಿಸುವುದು ರೂಢಿ.

ಈಗ ನಮ್ಮ ಮನೆ ಕತೆ. ನನ್ನ ಸೋದರಮಾವ ಮುಧೋಳ ಕಡೆಯ ರೈತ. ಆಗ ನಾನಿನ್ನೂ ನರ್ಸಿಂಗ್ ಓದುತ್ತಿದ್ದೆ. ಯಾವುದೋ ಊರಿನ ಒಂದು ಆಸ್ಪತ್ರೆಯಲ್ಲಿ ಹರಳು ತೆಗೆಸಿಕೊಂಡು ಬಂದ. ಕಾರ್ಡಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಸ್ಟೆಂಟ್ ಅಂತ ಬರೆದಿತ್ತು. ಯಾರೂ ಬಿಡಿಸಿ ಹೇಳಿರಲಿಲ್ಲ. ಓಣಿಯಲ್ಲಿ ಒಬ್ಬರು "ಸ್ಟೆಂಟ್ ಅಂದ್ರ ಕಾಯಂ ಇರೂದು, ನಮ್ಮ ಕಾಕಾಗ ಎದಿಯಾಗ ಹಾಕ್ಯಾರಲ್ಲ" ಅಂದರು. ಮುಗಿಯಿತು. ಎರಡು ವರ್ಷ ಹಾಗೇ ಇಟ್ಟುಕೊಂಡ. ಉರಿ ಬಂದರೆ ಬಾರ್ಲಿ ನೀರು, ಜ್ವರ ಬಂದರೆ ಊರ ಡಾಕ್ಟರ ಸೂಜಿ. ಕೊನೆಗೆ ಎಕ್ಸ್-ರೇ ತೆಗೆದಾಗ ಸ್ಟೆಂಟಿನ ಎರಡೂ ಸುತ್ತಿನ ಮೇಲೆ ಹರಳು ಬೆಳೆದಿತ್ತು. ಕೆಳಗಿನದ್ದು ನಿಂಬೆಕಾಯಿ ಗಾತ್ರ. ಹತ್ತು ನಿಮಿಷದಲ್ಲಿ ಎಳೆದು ತೆಗೆಯಬಹುದಾಗಿದ್ದ ನಳಿಕೆಗೆ ಮೂರು ಆಪರೇಷನ್ ಬೇಕಾದವು.

ಮಾವನದ್ದು ವಿಚಿತ್ರ ಕೇಸೇನಲ್ಲ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6 ವಾರದೊಳಗೆ ತೆಗೆದ ಸ್ಟೆಂಟ್‌ಗಳಲ್ಲಿ ಶೇ. 9ರಷ್ಟಕ್ಕೆ ಹರಳಿನ ಪದರ ಕಟ್ಟಿತ್ತು. 6ರಿಂದ 12 ವಾರ ಇದ್ದವುಗಳಲ್ಲಿ ಅದು ಸುಮಾರು ಶೇ. 47. ಅದನ್ನೂ ದಾಟಿದವುಗಳಲ್ಲಿ ಶೇ. 76. ಲೆಕ್ಕ ಎಷ್ಟು ಬೇಗ ಏರುತ್ತದೆ ನೋಡಿ.

ಈಗ ನಾನು ಡಿಸ್ಚಾರ್ಜ್ ಮಾಡುವಾಗ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲಿ ಬರೆಯುತ್ತೇನೆ: "ಒಳಗೆ ನಳಿಕೆ ಇದೆ. ಇಂಥ ದಿನ ತೆಗೆಸಬೇಕು." ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ ಅನ್ನುತ್ತೇನೆ. ಜೊತೆಗೆ ಬಂದವರ ಮೊಬೈಲಿನಲ್ಲಿ ಅಲಾರಂ ಇಡಿಸುತ್ತೇನೆ. ರೋಗಿ ಮರೆಯುತ್ತಾರೆ, ಸೊಸೆ ಮರೆಯುವುದಿಲ್ಲ.

ತೆಗೆಯುವಾಗ ಮತ್ತೆ ಆಪರೇಷನ್ನಾ?

ಇಲ್ಲ. ಮರಗಟ್ಟಿಸುವ ಜೆಲ್ಲಿ ಹಾಕಿ ಸಣ್ಣ ದುರ್ಬೀನಿನಿಂದ ಹಿಡಿದು ಎಳೆಯುತ್ತಾರೆ. ಕೆಲವು ನಿಮಿಷದ ಕೆಲಸ, ಹೆಚ್ಚಿನವರು ಅದೇ ದಿನ ಮನೆಗೆ. ಮಕ್ಕಳಿಗೆ ಮಾತ್ರ ಸಾಮಾನ್ಯವಾಗಿ ಅರಿವಳಿಕೆ ಕೊಡುತ್ತಾರೆ. ಕೆಲವು ಸ್ಟೆಂಟಿಗೆ ದಾರ ಇರುತ್ತದೆ, ಅದನ್ನು ನೀವೇ ಎಳೆಯಬೇಡಿ. ತೆಗೆದ ದಿನ ಸ್ವಲ್ಪ ಉರಿ, ನೋವು ಇರಬಹುದು. ಜ್ವರ ಬಂದರೆ ಮೇಲೆ ಹೇಳಿದ್ದೇ ನಿಯಮ, ನಳಿಕೆ ಹೋಯಿತು ಅಂತ ಉದಾಸೀನ ಬೇಡ.

ಬಾಳೆದಿಂಡು, ಹುರುಳಿ ಕಟ್ಟು, ಬಿಯರ್?

ಮೊದಲಿನ ಎರಡು ಊಟ, ತಿನ್ನಿ. ಸ್ಟೆಂಟನ್ನೂ ಕರಗಿಸುವುದಿಲ್ಲ, ಸೋಂಕನ್ನೂ ಇಳಿಸುವುದಿಲ್ಲ. ಬಿಯರ್ ಔಷಧಿಯಲ್ಲ, ಗೆಳೆಯರು ಹೇಳುವ ನೆಪ.

ನೀರಂತೂ ಬೇಕು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಅರ್ಧ ನೀರು ಬೆವರಿಗೇ ಹೋಗುತ್ತದೆ, ಆಗ ಲೀಟರ್ ಲೆಕ್ಕಕ್ಕಿಂತ ಮೂತ್ರದ ಬಣ್ಣ ನೋಡಿ ಕುಡಿಯಿರಿ. ಇಳಕಲ್, ಬನಹಟ್ಟಿಯ ನೇಕಾರರು ಮಗ್ಗದ ಮುಂದೆ ಕೂತರೆ ಏಳುವುದೇ ಇಲ್ಲ, ಏಳಬಾರದು ಅಂತಲೇ ನೀರು ಕುಡಿಯುವುದಿಲ್ಲ. ತಂಬಿಗೆಯನ್ನು ಮಗ್ಗದ ಪಕ್ಕದಲ್ಲೇ ಇಟ್ಟುಕೊಳ್ಳಿ. ಹೃದಯದ ತೊಂದರೆ, ಕಿಡ್ನಿ ಕೆಲಸ ಕಡಿಮೆ ಇರುವವರು ಮಾತ್ರ ಎಷ್ಟು ನೀರು ಅಂತ ಡಾಕ್ಟರನ್ನು ಕೇಳಿ ಕುಡಿಯಬೇಕು.

ಕೆಲಸ, ಜಾತ್ರೆ, ಗಂಡ-ಹೆಂಡತಿ?

ಎಲ್ಲಾ ನಡೆಯುತ್ತದೆ. ಭಾರದ ಚೀಲ ಎತ್ತಿದರೆ ರಕ್ತ, ನೋವು ಜಾಸ್ತಿಯಾಗುತ್ತದೆ ಅಷ್ಟೇ. ಬನಶಂಕರಿ ಜಾತ್ರೆಗೆ ಹೋಗಿ, ಆದರೆ ಶೌಚಾಲಯ ಸಿಗುವುದಿಲ್ಲ ಅಂತ ತಾಸುಗಟ್ಟಲೆ ಕಟ್ಟಿಕೊಂಡು ಕೂರಬೇಡಿ. ಕೊನೆಯ ಪ್ರಶ್ನೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಎಲ್ಲರಿಗೂ ಬೇಕು: ನೋವಿಲ್ಲದಿದ್ದರೆ ತೊಂದರೆಯಿಲ್ಲ, ದಾರ ಹೊರಗಿದ್ದರೆ ತೆಗೆಯುವವರೆಗೆ ತಡೆಯಿರಿ.

ಬಸುರಿಯರಿಗೆ ಸ್ಟೆಂಟ್ ಹಾಕಬಹುದಾ?

ಹಾಕುತ್ತಾರೆ, ಬೇಕಾದರೆ. ಆದರೆ ಬಸುರಿನಲ್ಲಿ ಸ್ಟೆಂಟ್ ಮೇಲೆ ಪದರ ಬೇಗ ಕಟ್ಟುತ್ತದೆ. ಹಾಗಾಗಿ 4ರಿಂದ 6 ವಾರಕ್ಕೊಮ್ಮೆ ಬದಲಿಸಬೇಕಾಗಬಹುದು. ಜ್ವರ ಬಂದರೆ ಹೆರಿಗೆ ಡಾಕ್ಟರಿಗೂ ಹೇಳಿ.

ತೆಗೆದ ಹರಳನ್ನು ಮನೆಗೆ ಒಯ್ಯಬಹುದಾ?

ಎಲ್ಲರೂ ಒಯ್ಯುತ್ತಾರೆ. ಸಣ್ಣ ಡಬ್ಬಿಯಲ್ಲಿ ಹಾಕಿ, ಬಂದವರಿಗೆಲ್ಲ ಅಲ್ಲಾಡಿಸಿ ತೋರಿಸುತ್ತಾರೆ. ಒಬ್ಬ ಅಜ್ಜ ದೇವರ ಜಗಲಿಯ ಮೇಲೇ ಇಟ್ಟಿದ್ದನಂತೆ. ಒಯ್ಯಿರಿ, ಆದರೆ ಅದಕ್ಕೂ ಮೊದಲು ಒಂದು ಚೂರು ಲ್ಯಾಬಿಗೆ ಹೋಗಲಿ. ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾ ಮೂತ್ರದ ಗುಣವನ್ನೇ ಬದಲಿಸಿ ಹರಳು ಬೆಳೆಸುತ್ತವೆ. ಅಂಥ ಹರಳಿನ ಚೂರು ಒಳಗೆ ಉಳಿದರೆ ಸೋಂಕೂ ಉಳಿಯುತ್ತದೆ, ಹರಳೂ ಮತ್ತೆ ಬೆಳೆಯುತ್ತದೆ. ನಿಮ್ಮದು ಆ ಜಾತಿಯದಾ ಅಂತ ಗೊತ್ತಾದರೆ ಡಾಕ್ಟರು ಮುಂದಿನ ಸಲ ಸ್ಕ್ಯಾನ್, ಕಲ್ಚರ್ ಯಾವಾಗ ಮಾಡಿಸಬೇಕು ಅಂತ ಹೇಳುತ್ತಾರೆ. ಉಳಿದ ಚೂರು ಡಬ್ಬಿಗೆ.